ಮೊದಲು ಹೆಡ್‌ಫೋನ್ ಕಿಂಡಿ ಹುಡುಕಿ

ವಿದ್ಯಾರ್ಥಿಯಾಗಿದ್ದಾಗ ನಾನು ತೆಗೆದ ಮೊದಲ ಸಾಕ್ಷ್ಯಚಿತ್ರಕ್ಕಾಗಿ ಒಬ್ಬ ಹಿರಿಯ ದರ್ಜಿ 40 ನಿಮಿಷ ಮಾತನಾಡಿದರು. ಸೂಜಿಗೆ ದಾರ ಪೋಣಿಸುವಾಗ ಅವರ ಬೆರಳು ನಡುಗಿದ್ದು ಸಹ ಸ್ಪಷ್ಟವಾಗಿ ಸೆರೆಯಾಗಿತ್ತು. ಆದರೆ ಮೈಕಿನ ತಂತಿ ಸಡಿಲವಾಗಿ, ಮಾತಿನ ಬದಲು ಬರೀ ಕರಕರ ಸದ್ದು ದಾಖಲಾಗಿತ್ತು. ಪರದೆಯ ಮೇಲೆ ಧ್ವನಿಯ ಪಟ್ಟಿಗಳು ಕುಣಿಯುತ್ತಲೇ ಇದ್ದವು. ಕರಕರ ಸದ್ದಿಗೂ ಅವು ಕುಣಿಯುತ್ತವೆ. ಆ ಕ್ಯಾಮೆರಾದಲ್ಲಿ ಹೆಡ್‌ಫೋನ್ ಸಿಕ್ಕಿಸುವ ಕಿಂಡಿಯೇ ಇರಲಿಲ್ಲ. ಮತ್ತೊಮ್ಮೆ ಹೋದಾಗ ಅವರು ಅದೇ ಕಥೆಯನ್ನು ಹೇಳಿದರು, ಪಾಠ ಒಪ್ಪಿಸುವವರಂತೆ.

ಅಂದಿನಿಂದ ಯಾರಾದರೂ ಸಾಕ್ಷ್ಯಚಿತ್ರಕ್ಕೆ ಕೊಳ್ಳಲೆಂದು ಕ್ಯಾಮೆರಾ ತೋರಿಸಿದರೆ ನಾನು ಲೆನ್ಸ್ ನೋಡುವುದಿಲ್ಲ, ಪಕ್ಕದ ರಬ್ಬರ್ ಮುಚ್ಚಳ ಎತ್ತುತ್ತೇನೆ. ಮೈಕಿಗೊಂದು, ಹೆಡ್‌ಫೋನಿಗೊಂದು 3.5 ಮಿಲಿಮೀಟರ್ ಕಿಂಡಿ ಇರಲೇಬೇಕು. ವೃತ್ತಿಪರರ ಮೈಕಿಗೆ 48 ವೋಲ್ಟ್ ವಿದ್ಯುತ್ ಒದಗಿಸುವ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಿಂಡಿಗಳಿದ್ದರೆ ಭಾಗ್ಯ. ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸಲು ಬರುತ್ತದೆಯೇ ಎಂಬುದನ್ನೂ ನೋಡಿ. ಅದನ್ನು ಯಂತ್ರಕ್ಕೇ ಬಿಟ್ಟರೆ, ಮಾತನಾಡುವವರು ಉಸಿರೆಳೆದುಕೊಳ್ಳಲು ನಿಂತ ಕೂಡಲೇ ಅದು ಮಟ್ಟ ಏರಿಸುತ್ತದೆ. ಕೋಣೆಯ ಫ್ಯಾನು ವಿಮಾನವಾಗುತ್ತದೆ. ಮೌನವನ್ನೂ ದಾಖಲಿಸಬೇಕಾದ ಸಾಕ್ಷ್ಯಚಿತ್ರಕ್ಕೆ ಇದು ದೊಡ್ಡ ಕೇಡು. ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದು ಹಣ ಕಡಿಮೆಯಿದ್ದರೆ, ಕ್ಯಾಮೆರಾ ಬಿಟ್ಟು ಕಾಲರ್ ಮೈಕ್ ಕೊಳ್ಳಿ ಎಂದೇ ಹೇಳುತ್ತೇನೆ.

ಎರಡನೆಯದು, ಎಷ್ಟು ಹೊತ್ತು ಓಡುತ್ತದೆ ಎಂಬುದು. ಫೋಟೋಗೆಂದೇ ಮಾಡಿದ ಹಳೆಯ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. 30 ನಿಮಿಷ ದಾಟಿದರೆ ಯುರೋಪಿನ ಸುಂಕದ ಲೆಕ್ಕದಲ್ಲಿ ಅವು ವಿಡಿಯೋ ಕ್ಯಾಮೆರಾಗಳಾಗಿಬಿಡುತ್ತಿದ್ದವು! ಕೆಲವು ಹೊಸ ಕ್ಯಾಮೆರಾಗಳು 4ಕೆ ಎಂಬ ಹೆಚ್ಚು ಸ್ಪಷ್ಟತೆಯ ವಿಡಿಯೋ ತೆಗೆಯುವಾಗ ಬಿಸಿಯೇರಿ ಆರಿಹೋಗುತ್ತವೆ. ಜನ ಮನಸ್ಸು ಬಿಚ್ಚುವುದು ಬಹುಪಾಲು ಆ ಅರ್ಧ ಗಂಟೆಯ ಆಚೆಗೇ.

4ಕೆ ಬೇಕೇ? ಸಂಕಲನದಲ್ಲಿ ಚೌಕಟ್ಟನ್ನು ಕಿರಿದಾಗಿಸಿಕೊಳ್ಳಬಹುದು, ನಿಜ. ಆದರೆ ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ 45 ಗಿಗಾಬೈಟ್ ತಿನ್ನುತ್ತದೆ. ಪ್ರತಿ ಕಡತವನ್ನೂ ಎರಡು ಡಿಸ್ಕಿನಲ್ಲಿ ಇಡಬೇಕಾದ್ದರಿಂದ 90 ಎಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನ ಶಕ್ತಿ ನಿಮಗೇ ಗೊತ್ತು.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರಬೇಕೆಂದು ವಿದ್ಯಾರ್ಥಿಗಳಿಗೆ ವಿಪರೀತ ಮೋಹ. ಹಿನ್ನೆಲೆ ಮಸುಕಾದರೆ ಸಿನಿಮಾ ಎಂಬ ಭ್ರಮೆ. ಆದರೆ ಲೆನ್ಸನ್ನು ಪೂರ್ತಿ ತೆರೆದು ಹತ್ತಿರದಿಂದ ಚಿತ್ರಿಸುವಾಗ ಎದುರಿನವರು ಕೊಂಚ ಮುಂದೆ ಬಾಗಿದರೂ ಕಣ್ಣು ಫೋಕಸ್ ತಪ್ಪುತ್ತದೆ. ಒಬ್ಬರೇ ಓಡಾಡಿ ಚಿತ್ರಿಸುವವರಿಗೆ 1 ಇಂಚು ಸೆನ್ಸರಿನ, ಉದ್ದ ಜೂಮ್ ಇರುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ ಇರುವ ಕ್ಯಾಮ್‌ಕಾರ್ಡರ್ ನನ್ನ ಆಯ್ಕೆ. ಷಟರನ್ನು 1/50 ಸೆಕೆಂಡಿನಲ್ಲಿ ಇಟ್ಟುಕೊಂಡೇ ನೆರಳಿನಿಂದ ಉರಿಬಿಸಿಲಿಗೆ ನಡೆದು ಹೋಗಬಹುದು. ನೋಡಲು ಅದು ಮದುವೆ ವಿಡಿಯೋದವರ ಕ್ಯಾಮೆರಾದಂತೆ ಇರುತ್ತದೆ, ಇರಲಿ ಬಿಡಿ.

ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ ತನ್ನಿ. ಮನೆಯ ಹಿರಿಯರೊಬ್ಬರನ್ನು ಕೂರಿಸಿ ಒಂದು ಗಂಟೆ ಮಾತನಾಡಿಸಿ, ಹೆಡ್‌ಫೋನ್ ಕಿವಿಯಲ್ಲೇ ಇರಲಿ. ಪ್ರಶ್ನೆ ಕೇಳುತ್ತಲೇ, ಅವರ ಮುಖದಿಂದ ನೋಟ ಕದಲಿಸದೆ, ಧ್ವನಿಯ ಗುಂಡಿ ಬೆರಳಿಗೆ ಸಿಗುತ್ತದೆಯೇ ನೋಡಿ. ಮೆನುವಿನೊಳಗೆ ಇಳಿದು ತಡಕಾಡಬೇಕಾಯಿತೆಂದರೆ ಆ ಕ್ಯಾಮೆರಾವನ್ನು ಹಿಂದಿರುಗಿಸಿ. ಒಂದು ದಿನದ ಬಾಡಿಗೆ ಹೋದರೆ ಹೋಗಲಿ.