ಫ್ಲ್ಯಾಟ್ ಬಿಟ್ಟೆ, ಮೇಲಂತಸ್ತು ಕಟ್ಟಿದೆ

"ಬಾಡಿಗಿ ರೊಕ್ಕದಾಗ ಕಂತು ಹೋಗ್ತೈತ್ರಿ" ಅಂತ ಬೆಳಗಾವಿಯಲ್ಲಿ ಫ್ಲ್ಯಾಟ್ ತೋರಿಸುವವರು ಹೇಳುತ್ತಲೇ ಇರುತ್ತಾರೆ. ನಾನು ಮನೆಗೆ ಬಂದು ಪೆನ್ನು ಹಿಡಿದು ಕೂತೆ. ಫ್ಲ್ಯಾಟಿನ ಬೆಲೆ 40 ಲಕ್ಷ. ಸಾಲ 30 ಲಕ್ಷ ದಾಟಿದರೆ ಬ್ಯಾಂಕು ಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಅಂದರೆ 32 ಲಕ್ಷ. ಶೇ. 8.75 ಬಡ್ಡಿಗೆ 20 ವರ್ಷವೆಂದರೆ ತಿಂಗಳ ಕಂತು 28 ಸಾವಿರ ದಾಟುತ್ತದೆ. ಅದೇ ಕಟ್ಟಡದಲ್ಲಿ ಬಾಡಿಗೆ ಕೇಳಿದರೆ 13 ಸಾವಿರ. ಉಳಿದ 15 ಸಾವಿರ ಯಾರು ಕಟ್ಟಬೇಕು? ರಿಜಿಸ್ಟ್ರಿ ಖರ್ಚು ಬೇರೆ, ಅದು ಪೂರ್ತಿ ನಮ್ಮ ಜೇಬಿನದೇ.

ಬೆಳಗಾವಿಯ ಅನಗೋಳದಲ್ಲಿ ಅಪ್ಪ ಕಟ್ಟಿಸಿದ ಮನೆ ವಾಟ್ನಿಯಲ್ಲಿ, ಅಂದರೆ ಆಸ್ತಿ ಹಂಚಿಕೆಯಲ್ಲಿ, ನನ್ನ ಪಾಲಿಗೆ ಬಂದಿತ್ತು. ಒಂದೇ ಅಂತಸ್ತು. ಅದರ ಮೇಲೆ ಎರಡು ಚಿಕ್ಕ ಮನೆ ಕಟ್ಟಿದರೆ ಜಾಗದ ದುಡ್ಡು ಉಳಿಯಿತು ಅಲ್ವಾ? ಎಂಜಿನಿಯರ್ ಬಂದು ಹಳೆಯ ಕಾಲಂ ನೋಡಿ, ಭಾರ ತಡೆಯುತ್ತದೆ ಎಂದ ಮೇಲೆಯೇ ಮುಂದಿನ ಮಾತು. ಅಂದಾಜು 16 ಲಕ್ಷ ಬಂತು. ನಾಲ್ಕು ಲಕ್ಷ ಕೈಯಲ್ಲಿತ್ತು, 12 ಲಕ್ಷ ಸಾಲ ತೆಗೆದೆ. 15 ವರ್ಷಕ್ಕೆ ಕಂತು ಸುಮಾರು 12 ಸಾವಿರ.

ಬ್ಯಾಂಕಿನವರು ಕೇಳಿದ್ದು ಸಿಟಿ ಸರ್ವೆ ಉತಾರ (ಜಾಗ ಯಾರ ಹೆಸರಲ್ಲಿದೆ ಎನ್ನುವ ದಾಖಲೆ), ಋಣಭಾರ ಪತ್ರ, ರಿಜಿಸ್ಟರ್ ಆದ ವಾಟ್ನಿ ಪತ್ರ, ಮನೆ ತೆರಿಗೆ ರಸೀದಿ, ಮೇಲಂತಸ್ತಿಗೆ ಪಾಲಿಕೆ ಒಪ್ಪಿದ ನಕ್ಷೆ. ಕಾಗದ ಸರಿಯಿದ್ದರೆ ಇದೇನೂ ದೊಡ್ಡ ಕೆಲಸವಲ್ಲ. ಊರ ಹೊರಗೆ ಗುಂಟೆ ಲೆಕ್ಕದಲ್ಲಿ ಸಿಗುವ, ಎನ್‌ಎ ಆಗದ, ಅಂದರೆ ಕಾಗದದಲ್ಲಿ ಇನ್ನೂ ಹೊಲವಾಗಿಯೇ ಉಳಿದ ಪ್ಲಾಟುಗಳ ಪಾಡೇ ಬೇರೆ. ಅಗ್ಗ ನಿಜ, ಆದರೆ ಬ್ಯಾಂಕು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಸಾಲ ಮಂಜೂರಾಯಿತು ಅಂದರೆ ದುಡ್ಡು ಬಂತು ಅಂತಲ್ಲ. ಕಾಲಂ ಎದ್ದ ಮೇಲೆ ಒಂದಿಷ್ಟು, ಸ್ಲ್ಯಾಬ್ ಬಿದ್ದ ಮೇಲೆ ಒಂದಿಷ್ಟು, ಹೀಗೆ ಹಂತ ಹಂತವಾಗಿ ಬರುತ್ತದೆ. ಗೌಂಡಿಗೆ ಮಾತ್ರ ಶನಿವಾರ ಸಂಜೆ ಬಟವಾಡೆ ಆಗಲೇಬೇಕು. "ಸಾಹೇಬ್ರ, ಬ್ಯಾಂಕಿನ್ಯಾವ್ರು ಬಂದು ನೋಡೂತನಕಾ ನಮ್ಮ ಮಂದಿ ಉಪಾಸ ಇರ್ಬೇಕೇನ್ರಿ?" ಅಂತ ನಮ್ಮ ಗೌಂಡಿ ಕೇಳಿದ, ಸರಿಯಾಗೇ ಕೇಳಿದ. ಕೈಯಲ್ಲಿದ್ದ ನಾಲ್ಕು ಲಕ್ಷವನ್ನು ಮೊದಲೇ ಸಿಮೆಂಟು, ಸರಳಿಗೆ ಸುರಿಯದೆ ಒಂದು ಪಾಲು ಈ ಶನಿವಾರಗಳಿಗೇ ಇಟ್ಟುಕೊಂಡಿದ್ದೆ. ಅದರಿಂದ ಕೆಲಸ ನಿಲ್ಲಲಿಲ್ಲ.

ಕಾರ್ಖಾನೆಗಳಿರುವ ಉದ್ಯಮಬಾಗ ಹತ್ತಿರವಿರುವುದರಿಂದ ಫೌಂಡ್ರಿ ನೌಕರರು, ಕಾಲೇಜಿನವರು ಮನೆ ಕೇಳಿಕೊಂಡು ಬರುತ್ತಾರೆ. ಒಂದೊಂದಕ್ಕೆ 7,500 ಬಾಡಿಗೆ. ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಬರುತ್ತದೆ ಅಂತ ಹಿಡಿದಿದ್ದೇನೆ. ಎರಡೂ ಮನೆಯಿಂದ 1,50,000, ಕಂತು 1,44,000. ಉಳಿದ ಆರು ಸಾವಿರ ಪಂಪು, ನಲ್ಲಿ ರಿಪೇರಿಗೆ ಸಾಕಾದರೆ ಪುಣ್ಯ. ಕೂತು ತಿನ್ನುವ ಆದಾಯ ಇದಲ್ಲ. ಆದರೆ ಸಂಬಳಕ್ಕೆ ಕೈ ಹಾಕದೆ ಸಾಲ ತೀರುತ್ತಿದೆ.

ನೋಡಲು ಬಂದವರು ಅಡುಗೆಮನೆಗಿಂತ ಮೊದಲು ಕೇಳುವುದು "ಮೀಟರ್ ಬ್ಯಾರೆ ಐತೇನ್ರಿ ಕಾಕಾ?" ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲಂತೂ ಈ ಪ್ರಶ್ನೆ ತಪ್ಪುವುದಿಲ್ಲ. ಬಾಡಿಗೆದಾರರೂ ಆಧಾರ್ ಜೋಡಿಸಿ ಆ ಸೌಲಭ್ಯ ಪಡೆಯಬಹುದು. ಎರಡು ಮನೆಗೂ ಇಲ್ಲಿನ ವಿದ್ಯುತ್ ಕಂಪನಿ ಹೆಸ್ಕಾಂನಿಂದ ಬೇರೆ ಬೇರೆ ಮೀಟರ್ ಹಾಕಿಸಿದ್ದು ನಾನು ಮಾಡಿದ ಖರ್ಚಿನಲ್ಲೇ ಚಲೋ ಖರ್ಚು. ಆಮೇಲಿನದು ಪಡುವಣ ಗೋಡೆಯ ವಾಟರ್‌ಪ್ರೂಫಿಂಗ್. ಇಲ್ಲಿನ ಜುಲೈ ಮಳೆ ಸುಮ್ನೆ ಬಿಡುವುದಿಲ್ಲ.

ಬಾಡಿಗೆಯನ್ನು ಆದಾಯ ತೆರಿಗೆಯಲ್ಲಿ ತೋರಿಸುತ್ತೇನೆ. ಪಾಲಿಕೆಗೆ ಕಟ್ಟಿದ ಮನೆ ತೆರಿಗೆ ಕಳೆದು, ಉಳಿದುದರಲ್ಲಿ ಶೇ. 30 ದುರಸ್ತಿ ಲೆಕ್ಕಕ್ಕೆ ಹೋಗುತ್ತದೆ, ಸಾಲದ ಬಡ್ಡಿಯೂ ಕಳೆಯುತ್ತದೆ. ತೆರಿಗೆ ಬೀಳುವಷ್ಟು ಇನ್ನೂ ಉಳಿದಿಲ್ಲ.

ಕರಾರು 11 ತಿಂಗಳದ್ದು. ಡಿಪಾಜಿಟ್ಟನ್ನು ಬೇರೆ ಎಫ್‌ಡಿಯಲ್ಲಿ ಇಟ್ಟಿದ್ದೇನೆ, ಅದು ಅವರ ದುಡ್ಡು. ಮೇ ತಿಂಗಳಲ್ಲಿ ಒಂದು ಮನೆ ಖಾಲಿಯಾಗುತ್ತದೆ. ಬಣ್ಣ ಹೊಡೆಸಿ 8,000 ಕೇಳಬೇಕೆಂದಿದ್ದೇನೆ.