ಮಸಿದೌತಿ ಪೀಠದ ಅಂಚೆ ತಕ್ಕಡಿ ಮತ್ತೆ ತೂಗಿತು

ಮರದ ಪೀಠ, ಎರಡು ಗಾಜಿನ ದೌತಿ, ಮುಂದೆ ಲೇಖನಿ ಇಡುವ ತಗ್ಗು, ನಡುವೆ ಕಾಗದ ತೂಗುವ ರೋಬರ್ವಾಲ್ ತಕ್ಕಡಿ, ಅಂದರೆ ತಟ್ಟೆಗಳು ದಂಡದ ಮೇಲೆ ಕೂತು, ಕೆಳಗೆ ದಂಡಕ್ಕೆ ಸಮಾನಾಂತರವಾಗಿ ಒಂದು ಕೊಂಡಿ ಇರುವ ತಕ್ಕಡಿ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಇಂಥ ಸೆಟ್ಟಿನ ತಕ್ಕಡಿ ಇನ್ನು ಬರೀ ಅಲಂಕಾರಕ್ಕೆ ಅಂತಲೇ ಬಲ್ಲವರೂ ಕೈಬಿಡುತ್ತಾರೆ. ನನ್ನದು ಈಗ ಎರಡು ಅಂಚೆಚೀಟಿ ಇಟ್ಟರೂ ವಾಲುತ್ತದೆ. ಪೀಠವನ್ನು ಹಬೆಗೂ ಹಿಡಿಯಲಿಲ್ಲ, ಕೀಸಲೂ ಇಲ್ಲ.

ಕೆಳಗಿನ ಕೊಂಡಿ ಪೀಠದ ಒಳಗೆ ಅಡಗಿರುವ ಮಾದರಿಗಳಲ್ಲಿ ದೋಷ ಇರುವುದು ದಂಡದಲ್ಲಲ್ಲ, ಮರದಲ್ಲಿ. ಮರ ಒಣಗಿ ದಪ್ಪ ಕುಗ್ಗಿದರೆ ಕಂಬದ ಮೇಲಿನ ತಿರುಗಣಿಗೂ ಕೆಳಗಿನ ಕೊಂಡಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ. ನಾಣ್ಯವನ್ನು ತಟ್ಟೆಯ ಒಳ ಅಂಚಿನಲ್ಲಿಟ್ಟು ತೂಗಿ, ಆಮೇಲೆ ಹೊರ ಅಂಚಿಗೆ ಸರಿಸಿ, ತೂಕ ಬದಲಾಗಬಾರದು. ನನ್ನದರಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ವ್ಯತ್ಯಾಸ ಬರುತ್ತಿತ್ತು. ಕಂಬದ ಬುಡಕ್ಕೆ 0.1 ಮಿಮೀ ಹಿತ್ತಾಳೆ ತಗಡನ್ನು ಒಂದೊಂದಾಗಿ ಸೇರಿಸಿದೆ, ಮೂರಕ್ಕೆ ಸರಿಹೋಯಿತು. ತಟ್ಟೆಯ ಕಾಲು ಪೀಠದ ತೂತಿಗೆ ಉಜ್ಜುತ್ತಿದ್ದರೆ ತಗಡನ್ನು ಬುಡದ ಒಂದೇ ಪಕ್ಕಕ್ಕೆ ಕೊಡಿ. ರಟ್ಟಿನ ತುಂಡು ಇಟ್ಟು ನೋಡಿದ್ದೆ, ಸ್ಕ್ರೂ ಬಿಗಿದಂತೆ ಅದು ಅಪ್ಪಚ್ಚಿಯಾಗುತ್ತದೆ. ಸ್ಕ್ರೂ ಬಿಗಿಯುವ ಸರದಿಯಲ್ಲಿ ಒಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ.

ದಂಡ ತಿರುಗುವ ಚೂಪಾದ ಉಕ್ಕಿನ ಏಣುಗಳಿಗೆ, ಅಂದರೆ ಚಾಕು ಅಂಚುಗಳಿಗೆ, ಎಣ್ಣೆ ಬೇಡವೇ ಬೇಡ, ಧೂಳು ಹಿಡಿದು ಗೋಂದಾಗುತ್ತದೆ. ಸ್ಪಿರಿಟ್ ಹಚ್ಚಿದ ಕಡ್ಡಿ ಸಾಕು. ಅದು ಹಿತ್ತಾಳೆಯ ಹಳೆ ಅರಗಿನ ಲೇಪಕ್ಕೆ ತಾಗಿದರೆ ಲೇಪ ಕರಗಿ ಹೋಗುತ್ತದೆ.

ಹಣ ತಿನ್ನುವುದು ತೂಕದ ಬಟ್ಟು ಮತ್ತು ದೌತಿ. ಕಾಣೆಯಾದ ಒಂದು ಅರ್ಧ ಔನ್ಸಿನ ಬಟ್ಟಿಗೆ ಕೇಳಿದ ಬೆಲೆ ಇಡೀ ಸೆಟ್ಟಿನ ಕಾಲು ಭಾಗ! ನಾನೇ ಮಾಡಿಕೊಂಡೆ. ಅರ್ಧ ಔನ್ಸ್ ಅಂದರೆ 14.17 ಗ್ರಾಂ, 16 ಮಿಮೀ ವ್ಯಾಸದ ಹಿತ್ತಾಳೆ ಸರಳಿನಲ್ಲಿ ಸುಮಾರು 8.3 ಮಿಮೀ ಎತ್ತರ. 9 ಮಿಮೀಗೆ ಕತ್ತರಿಸಿ ತಳವನ್ನು ಅರದಲ್ಲಿ ಉಜ್ಜುತ್ತಾ ಇಳಿಸಬೇಕು. ಹಳೆ ಬಟ್ಟುಗಳನ್ನು ಫಳಫಳ ಹೊಳೆಸಬೇಡಿ, ಹೊಳಪಿನ ಜೊತೆ ತೂಕವೂ ಹೋಗುತ್ತದೆ. ಬಟ್ಟು ಯಾವುದು ಬೇಕೆಂದು ತಟ್ಟೆಯ ಮೇಲೆ ಕೆತ್ತಿದ ಅಂಚೆ ದರವೇ ಹೇಳುತ್ತದೆ. ಅರ್ಧ ಔನ್ಸಿಗೆ ಒಂದು ಪೆನ್ನಿ ಎಂದಿದ್ದರೆ 1840ರಲ್ಲಿ ಬಂದು 1871ರವರೆಗೆ ನಡೆದ ದರ. ನಾಲ್ಕು ಔನ್ಸಿಗೆ ಒಂದು ಪೆನ್ನಿ ಎಂದಿದ್ದರೆ 1897ರ ನಂತರದ್ದು.

ತಕ್ಕಡಿ ಪಕ್ಕದಲ್ಲೇ ಮಸಿ ಇಡುವುದು ಅಪಾಯ. ಕಬ್ಬಿಣ ಬೆರೆತ ಹಳೆ ಬಗೆಯ ಮಸಿ ಆಮ್ಲೀಯ, ಚೆಲ್ಲಿದರೆ ಹಿತ್ತಾಳೆಯನ್ನೂ ಉಕ್ಕಿನ ಅಂಚನ್ನೂ ತಿನ್ನುತ್ತದೆ. ನಾನು ಬರಿ ಬಣ್ಣದ ಮಸಿ ಹಾಕಿ, ಮುಚ್ಚಳದೊಳಗೆ ತೊಗಲಿನ ಬಿಲ್ಲೆ ಕೂರಿಸಿದ್ದೇನೆ. ಒಣಗಿದ ಮಸಿಗೆ ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಒಂದೆರಡು ದಿನ ನೆನೆಯಲಿ. ಮರದ ಕಪ್ಪು ಕಲೆಗೆ ಲೋಹದ ಭಾಗಗಳನ್ನೆಲ್ಲ ಬಿಚ್ಚಿಟ್ಟು ಆಕ್ಸಾಲಿಕ್ ಆಮ್ಲ ಬಳಿದೆ, ಕಾಲು ಲೀಟರ್ ನೀರಿಗೆ ಎರಡು ಚಮಚೆಯಷ್ಟು. ಅದು ವಿಷ, ಕೈಗವಸು ಇರಲಿ. ಕಲೆ ಹೋಯಿತು, ಜಾಗ ಬಿಳಿಚಿತು. ಬಣ್ಣ ಬೆರೆಸಿದ ಅರಗು ಮೂರು ಸಲ ಬಳಿದ ಮೇಲೆ ಕೂಡಿಕೊಂಡಿತು.

ಮೋಂಬತ್ತಿ ಕಂಬದ ಆಕಾರದ ಸ್ಪ್ರಿಂಗ್ ತಕ್ಕಡಿಯ ಮೇಲೂ ಕೈಯಾಡಿಸಿದ್ದೇನೆ. ಅದರ ಸ್ಪ್ರಿಂಗ್ ಮಾತ್ರ ಬದಲಿಸಬೇಡಿ, ಕೆತ್ತಿದ ಗೆರೆಗಳು ಹಳೆ ಸ್ಪ್ರಿಂಗಿಗಷ್ಟೇ ಹೊಂದುತ್ತವೆ.