ತಿಂಗಳಿಗೆ 280 ಯೂರೋ ಅಂದರೆ ಕಡಿಮೆಯೇ?

ಜರ್ಮನಿಯಲ್ಲಿ 60 ಚದರ ಮೀಟರ್‌ನ ಫ್ಲ್ಯಾಟ್ ಕೊಳ್ಳಲೆಂದು ನೋಡಲು ಹೋದಾಗ ಏಜೆಂಟ್ ಎರಡು ಸಲ ಹೇಳಿದ ಮಾತು ಒಂದೇ: ‘ಇಲ್ಲಿ ಹೌಸ್‌ಗೆಲ್ಡ್ ಕಡಿಮೆ, 280 ಯೂರೋ ಅಷ್ಟೇ.’ ಹೌಸ್‌ಗೆಲ್ಡ್ ಅಂದರೆ ಅಲ್ಲಿನ ಮೇಂಟೆನೆನ್ಸ್. ನಾನೂ ಖುಷಿಪಟ್ಟೆ.

ಮನೆಗೆ ಬಂದು ಕಟ್ಟಡದ ವಾರ್ಷಿಕ ಬಜೆಟ್ ಬಿಡಿಸಿ ನೋಡಿದೆ. ಹೀಟಿಂಗ್, ನೀರು, ಕಸ, ಕಟ್ಟಡದ ವಿಮೆ, ಲಿಫ್ಟ್, ಮೆಟ್ಟಿಲು ಒರೆಸುವುದು ಸೇರಿ ತಿಂಗಳಿಗೆ 228. ಮ್ಯಾನೇಜರ್‌ಗೆ 28. ದೊಡ್ಡ ರಿಪೇರಿಗೆಂದು ಎತ್ತಿಡುವ ನಿಧಿಗೆ ಬರೀ 24! ಅಂದರೆ ವರ್ಷಕ್ಕೆ ಚದರ ಮೀಟರ್‌ಗೆ 4.80 ಯೂರೋ. ಸರ್ಕಾರದ ನೆರವಿನ ಮನೆಗಳಿಗೆ ಅಲ್ಲಿ ಒಂದು ನಿಯಮವಿದೆ. 32 ವರ್ಷ ದಾಟಿದ ಕಟ್ಟಡದ ರಿಪೇರಿಗೆ 2002ರಲ್ಲೇ ಅದು 11.50 ಯೂರೋವರೆಗೆ ಲೆಕ್ಕ ಹಿಡಿದಿತ್ತು. ನಾನು ನೋಡಿದ ಕಟ್ಟಡ 1972ರದ್ದು.

(ಫ್ಲ್ಯಾಟ್ ನೆಲಮಹಡಿಯಲ್ಲಿತ್ತು. ಆದರೂ ಲಿಫ್ಟ್ ಖರ್ಚಿನಲ್ಲಿ ಪಾಲು! ಒಡೆತನದ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಎಲ್ಲರೂ ಕೊಡಬೇಕು.)

ಆಮೇಲೆ ಮಾಲೀಕರ ಸಭೆಯ ಮೂರು ವರ್ಷದ ನಡಾವಳಿ ಕೇಳಿದೆ. ಏಜೆಂಟ್ ಸ್ವಲ್ಪ ಎಳೆದಾಡಿ ಕೊಟ್ಟ. ಡಿಕ್ಷನರಿ ಹಿಡಿದು ಕೂತು ಓದಿದೆ. ಮೂರು ಸಭೆಯಲ್ಲೂ ಚಾವಣಿಯದ್ದೇ ಚರ್ಚೆ, ಮೂರು ಸಲವೂ ‘ಮುಂದಿನ ವರ್ಷ ನೋಡೋಣ’. ಅಂದಾಜು ಖರ್ಚು 1,40,000 ಯೂರೋ, ನಿಧಿಯಲ್ಲಿದ್ದದ್ದು 31,000. ಉಳಿದದ್ದನ್ನು ಮಾಲೀಕರೇ ಹಾಕಬೇಕು. ಇದಕ್ಕೆ ಝೋಂಡರ್‌ಉಮ್ಲಾಗೆ ಅನ್ನುತ್ತಾರೆ, ಅಂದರೆ ವಿಶೇಷ ವಂತಿಗೆ. ಆ ಫ್ಲ್ಯಾಟ್‌ಗೆ ಸಾವಿರದಲ್ಲಿ 42 ಪಾಲು. ಲೆಕ್ಕ ಹಾಕಿದರೆ 4,578 ಯೂರೋ.

ಹಸ್ತಾಂತರಕ್ಕೆ ಮೊದಲು ತೀರ್ಮಾನವಾದ ವಂತಿಗೆ ಮಾರುವವರದ್ದೇ ಎಂದು ಕರಾರಿನಲ್ಲಿ ಬರೆಸಬಹುದು. ನಾನೂ ಬರೆಸಿದೆ. ಆದರೆ ಚಾವಣಿಯ ವಿಷಯ ತೀರ್ಮಾನವೇ ಆಗಿರಲಿಲ್ಲವಲ್ಲ! ಆ ಸಾಲು ಸುಮ್ನೆ ಕಾಗದದ ಮೇಲಿತ್ತು ಅಷ್ಟೇ. ಹಾಗಾಗಿ ನಡಾವಳಿಯ ಆ ಪುಟಗಳನ್ನು ಮುಂದಿಟ್ಟು ಬೆಲೆಯಲ್ಲೇ ಚೌಕಾಸಿ ಮಾಡಿದೆ. ಮಾರುವವರು 4,000 ಇಳಿಸಿದರು. ಹಳೇ ನಿಧಿ ಕಟ್ಟಡದ ಜೊತೆಗೇ ಉಳಿಯುತ್ತದೆ, ಅವರು ತೆಗೆದುಕೊಂಡು ಹೋಗುವಂತಿಲ್ಲ.

ಮರುವರ್ಷ ಚಾವಣಿಗೆ ಒಪ್ಪಿಗೆ ಸಿಕ್ಕಿತು. ನನ್ನ ಪಾಲು 4,900 ಬಂತು, ಅಂದಾಜಿಗಿಂತ ಸ್ವಲ್ಪ ಜಾಸ್ತಿ. ಅದೇ ಸಭೆಯಲ್ಲಿ ನಿಧಿಯ ಕಂತು ಏರಿಸಲು ನಾನೂ ಕೈ ಎತ್ತಿದೆ. ಈಗ ನನ್ನ ಹೌಸ್‌ಗೆಲ್ಡ್ 316. ನಾಳೆ ನಾನು ಮಾರುವಾಗ ಯಾವನೋ ಏಜೆಂಟ್ ‘ಜಾಸ್ತಿ ಆಯ್ತಲ್ಲ’ ಅಂತ ಮುಖ ಸಿಂಡರಿಸುತ್ತಾನೆ.